ಲಾಳಿಗೆ ಕಲಿಸಿದ ಕೈಸನ್ನೆ

ಮೊನ್ನೆ ಮಗಳು ಶೋಭಾ ಜೋಳ ಬೀಸಿಸಿಕೊಂಡು ಬಂದು ಹಿಟ್ಟಿನ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಹಿಟ್ಟು ಇನ್ನೂ ಬಿಸಿಯಾಗಿತ್ತು. ಚೀಲದ ಬಾಯಿ ಬಿಚ್ಚಿದ ಕೂಡಲೇ ಬಂದ ವಾಸನೆಗೆ, ಬಾಗಿಲಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ನನ್ನ ಮುಖ ನೋಡಿತು. ನಾನೂ ಅದರ ಮುಖ ನೋಡಿದೆ. ನಮ್ಮಿಬ್ಬರಿಗೂ ಅದು ಹರಿಹರದ ಒಂದು ಹಿಟ್ಟಿನ ಗಿರಣಿಯ ವಾಸನೆ. ಅಲ್ಲಿಗೆ ಹೋಗಿ ಬಂದು ಮೂರು ವರ್ಷವಾಯಿತು. ಆ ಗಿರಣಿಯಲ್ಲಿ ಒಬ್ಬ ಹೆಣ್ಣುಮಗಳು ನನಗೊಂದು ಕೆಲಸ ಹೇಳಿದ್ದಳು. ಆಗಲಿ ಎಂದು ತಲೆಯಾಡಿಸಿ ಬಂದವನು ಇವತ್ತಿನ ತನಕ ಮಾಡಿಲ್ಲ. ಈಗ ಮಾಡಲು ಕೂತಿದ್ದೇನೆ. ಅದಕ್ಕೆ ಆ ವರ್ಷದ ಮಳೆಗಾಲದಿಂದಲೇ ಹೇಳಬೇಕು.

ಅದರ ಹಿಂದಿನ ವರ್ಷ ನನ್ನ ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ನಾನು ಮತ್ತು ಶೋಭಾ. ಅವಳು ಔಷಧಿ ಅಂಗಡಿಯ ಕೆಲಸಕ್ಕೆ ಹೋದ ಮೇಲೆ ನಾನು ದಿನವಿಡೀ ಗೋಡೆ ನೋಡುತ್ತ ಕೂರುತ್ತಿದ್ದೆ. ಒಂದು ಸಂಜೆ ಅವಳು ಮಂಡಕ್ಕಿ ಭಟ್ಟಿಯ ಹತ್ತಿರ ಸಿಕ್ಕ ಒಂದು ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದಳು. ಬೂದಿಯಲ್ಲಿ ಹೊರಳಿ ಹೊರಳಿ ಅದರ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ತೊಳೆದ ಮೇಲೆ ಕಂದು ಬಣ್ಣ, ಎಡಕಿವಿ ಅರ್ಧ ಹರಿದಿತ್ತು. ಮುಂಬಾಗಿಲಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮುಂಬಾಗಿಲಿಗೆ ಒಂದೇ ಸಮನೆ ಓಡುತ್ತಿತ್ತು. ಮಗ್ಗದಲ್ಲಿ ನೂಲು ಹೊತ್ತು ಆ ಕಡೆಯಿಂದ ಈ ಕಡೆಗೆ ಓಡುವ ಲಾಳಿಯ ಹಾಗೆ. ಅದಕ್ಕೇ ಲಾಳಿ ಎಂದು ಕರೆದೆ. ನಾನು ಇಪ್ಪತ್ತೆಂಟು ವರ್ಷ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿದ್ದವನು. ಬೇರೆ ಹೆಸರು ಹೊಳೆಯಲಿಲ್ಲ.

ಆರು ತಿಂಗಳಾಗುವಷ್ಟರಲ್ಲಿ ಲಾಳಿ ಓಣಿಯವರ ಚಪ್ಪಲಿಗಳನ್ನೆಲ್ಲ ನಮ್ಮ ಹಿತ್ತಿಲಿಗೆ ತಂದು ಗುಡ್ಡೆ ಹಾಕತೊಡಗಿತು. ಪೇಪರ್ ಹಾಕುವವನು ಮೂರು ಮನೆ ಆಚೆಯಿಂದಲೇ ಪೇಪರ್ ಎಸೆದು ಹೋಗುತ್ತಿದ್ದ. ಆಗ ಶೋಭಾ ಎಲ್ಲಿಯೋ ವಿಚಾರಿಸಿಕೊಂಡು ಬಂದು, "ಅಪ್ಪಾಜಿ, ಭಾನುವಾರ ಭಾನುವಾರ ಹೈಸ್ಕೂಲ್ ಮೈದಾನದಾಗೆ ನಾಯಿಗೆ ಕ್ಲಾಸ್ ಐತಂತೆ. ಪೊಲೀಸ್ ನಾಯಿಗೆ ಕಲಿಸ್ತಿದ್ದೋರು ಕಲಿಸ್ತಾರಂತೆ. ನೀವೇ ಕರ್ಕೊಂಡು ಹೋಗ್ರಿ, ಇಬ್ರಿಗೂ ಬೆಳಕು ಕಂಡಂಗಾಗ್ತದೆ" ಎಂದಳು.

ಆಷಾಢದ ಗಾಳಿ. ಜಿಟಿಜಿಟಿ ಮಳೆಗೆ ಮೈದಾನದ ಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗುತ್ತಿತ್ತು. ಹತ್ತು ಹನ್ನೆರಡು ಜನ ನಾಯಿ ಹಿಡಿದು ನಿಂತಿದ್ದರು. ಎಲ್ಲವೂ ಜಾತಿ ನಾಯಿಗಳು. ಬಟ್ಟೆ ಅಂಗಡಿಯ ಶಿವಮೂರ್ತಿ ಎಂಬವರ ಲ್ಯಾಬ್ರಡಾರ್ ಒಂದು ಕರುವಿನಷ್ಟಿತ್ತು. ಅವರು ಲಾಳಿಯ ಹರಿದ ಕಿವಿ ನೋಡಿ, "ಬೀದಿ ನಾಯೀನೂ ಕಾನ್ವೆಂಟಿಗೆ ಸೇರಸ್ತೀರೇನ್ರಿ ಯಜಮಾನ್ರೇ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಲಿಸುವ ಮಂಜಪ್ಪನವರು ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತರಾದವರು. ತೆಳ್ಳಗಿನ ಆಳು. ಧ್ವನಿ ಏರಿಸಿದ್ದನ್ನು ನಾನು ಕೇಳಲೇ ಇಲ್ಲ. ಮೊದಲ ದಿನ ಅವರು ಹೇಳಿದ್ದು ಇಷ್ಟು: "ಮೊದಲ ಎರಡು ವಾರ ಬಾಯಿ ಮುಚ್ಕೊಂಡಿರ್ರಿ. ನೀವು ಬಾಯಾಗೆ ಹತ್ತು ಮಾತಾಡ್ತೀರಿ, ಅದಕ್ಕ ಒಂದೂ ತಿಳಿಯಲ್ಲ. ಕೈ ಒಂದೇ ಮಾತು ಹೇಳ್ತದೆ. ನಾಯಿ ನಿಮ್ಮ ಕೈ ನೋಡ್ತದೆ."

ಉಳಿದವರಿಗೆ ಇದು ಕಷ್ಟವಾಯಿತು. ನನಗೆ ನಲವತ್ತು ವರ್ಷ ಹಿಂದಕ್ಕೆ ಹೋದಂತಾಯಿತು. ಮಗ್ಗದ ಶೆಡ್ಡಿನಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ನಿಂತವನು ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ನಾವು ಮಾತಾಡುತ್ತಿದ್ದುದೇ ಕೈಯಲ್ಲಿ. ತೋರುಬೆರಳು ಸುತ್ತಿದರೆ 'ಓಡಿಸು'. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ 'ನೂಲು ಹರಿದಿದೆ'. ಅಂಗೈಯನ್ನು ಭುಜದ ಎತ್ತರಕ್ಕೆ ಎತ್ತಿ ಹಿಡಿದರೆ 'ತಡೆದಿದ್ದೇನೆ'. ಆ ಕೈ ಮೇಲಿರುವ ತನಕ ಏನೂ ಅಲ್ಲಾಡಬಾರದು. ಮದುವೆ, ಸಾವು, ಬೈಗುಳ ಎಲ್ಲವೂ ನಮ್ಮ ಬೆರಳುಗಳಲ್ಲಿ ಇದ್ದವು.

ಮಂಜಪ್ಪನವರು 'ಕೂರಿಸ್ರಿ' ಎಂದಾಗ ನನ್ನ ಅಂಗೈ ತಾನಾಗಿಯೇ ಎದ್ದು ನಿಂತಿತು. ಲಾಳಿ ಕೂತಿತು. ಒಮ್ಮೆ ಕೂತಿದ್ದು ಆಕಸ್ಮಿಕ ಎಂದುಕೊಂಡೆ. ಮತ್ತೆ ಎತ್ತಿದೆ, ಮತ್ತೆ ಕೂತಿತು.

"ಈ ಕೈ ಎಲ್ಲಿದು ಯಜಮಾನ್ರೇ?" ಎಂದು ಮಂಜಪ್ಪನವರು ಕೇಳಿದರು. "ನಾ ಮೂವತ್ತು ವರ್ಷ ಕಲಿಸೀನಿ, ಇಷ್ಟು ಚಲೋ ಕೈ ನೋಡಿಲ್ಲ. ಒಂಚೂರೂ ನಡುಗಂಗಿಲ್ಲ."

"ಮಿಲ್ಲಿಂದು" ಎಂದೆ.

ಶ್ರಾವಣ ಕಳೆಯುವಷ್ಟರಲ್ಲಿ ಲಾಳಿ ಹಿಂಗಾಲ ಮೇಲೆ ಕೂತು ಮುಂಗಾಲು ಜೋಡಿಸಿ ನಮಸ್ಕಾರ ಮಾಡುತ್ತಿತ್ತು. ಬೆರಳು ಸುತ್ತಿದರೆ ತನ್ನ ಬಾಲದ ಸುತ್ತ ಗಿರಗಿರನೆ ತಿರುಗುತ್ತಿತ್ತು. ಕೈ ಮಗುಚಿದರೆ ನೆಲದ ಮೇಲೆ ಉರುಳುತ್ತಿತ್ತು. ಬಿಸ್ಕತ್ತು ಕೊಟ್ಟರೆ ಮೂಸಿ ಬಿಡುತ್ತಿತ್ತು. ಅದಕ್ಕೆ ಬೇಕಾದ್ದು ಮಂಡಕ್ಕಿ. ಹುಟ್ಟಿದ ಜಾಗದ ರುಚಿ. ಜೇಬಿನ ತುಂಬ ಮಂಡಕ್ಕಿ ತುಂಬಿಕೊಂಡು ಹೋಗುತ್ತಿದ್ದೆ. ಮಳೆಯಲ್ಲಿ ನೆನೆದು ಮೆತ್ತಗಾದರೂ ಅದು ಬಿಡುತ್ತಿರಲಿಲ್ಲ. ಶಿವಮೂರ್ತಿಯವರೇ ಈಗ ಎಲ್ಲರಿಗೂ ನಮ್ಮನ್ನು ತೋರಿಸುತ್ತಿದ್ದರು. "ನಮ್ಮದು ತಿಂಗಳಿಗೆ ಒಂದು ಚೀಲ ತಿಂದು ಒಂದು ಪಾಠ ಕಲೀತು. ಅವರದು ಮಂಡಕ್ಕಿ ತಿಂದು ಡಿಗ್ರಿ ತಗಂತು ನೋಡ್ರಿ."

ಎಲ್ಲಕ್ಕಿಂತ ಕಷ್ಟದ್ದು ಮೂಗಿನ ಮೇಲಿನ ಆಟ. ಉಳಿದವರು ನಾಯಿಯ ಮೂಗಿನ ಮೇಲೆ ಬಿಸ್ಕತ್ತು ಇಟ್ಟರೆ, ನಾನು ಒಂದೇ ಒಂದು ಮಂಡಕ್ಕಿ ಕಾಳು ಇಡುತ್ತಿದ್ದೆ. ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ನಾನು ಅಂಗೈ ಎತ್ತಿ ಹಿಡಿದಷ್ಟು ಹೊತ್ತು ಲಾಳಿ ಕಣ್ಣು ಮಿಟುಕಿಸದೆ ನನ್ನ ಕೈಯನ್ನೇ ನೋಡುತ್ತ ಕೂರುತ್ತಿತ್ತು. ಕೈ ಇಳಿಸಿದ ಮೇಲೆಯೇ ಕಾಳನ್ನು ಗಾಳಿಗೆ ಚಿಮ್ಮಿಸಿ ಬಾಯಲ್ಲಿ ಹಿಡಿಯುತ್ತಿತ್ತು. ಹಾಗೆ ನೋಡುವ ಕಣ್ಣು ನನಗೆ ಹಿಂದೆ ಎಲ್ಲಿಯೋ ಪರಿಚಯದ್ದು ಅನ್ನಿಸುತ್ತಿತ್ತು. ಆ ಯೋಚನೆಯನ್ನು ಬೆಳೆಯಗೊಡುತ್ತಿರಲಿಲ್ಲ.

ಗಣಪತಿ ಹಬ್ಬ ಕಳೆದ ಮೇಲಿನ ಒಂದು ಭಾನುವಾರ. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ಕಾಳು ಇಟ್ಟಿದ್ದೆ, ಕೈ ಎತ್ತಿದ್ದೆ. ಹಿಂದಿನಿಂದ ಶಿವಮೂರ್ತಿಯವರು "ಯಜಮಾನ್ರೇ, ಚಾ ಬಂತು ತಗಳ್ರಿ" ಎಂದರು. ತಿರುಗಿ ನೋಡಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಲಾಳಿ ಕಾಳು ತಿಂದಾಗಿತ್ತು. ಜನ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಹಗ್ಗದಿಂದ ಅದರ ಬೆನ್ನಿಗೆ ಎರಡೇಟು ಹಾಕಿದೆ. ಅದು ಓಡಲಿಲ್ಲ. ಬಾಲ ಮುದುರಿ, ಮತ್ತೆ ನನ್ನ ಕೈಯನ್ನೇ ನೋಡಿತು.

ಮಂಜಪ್ಪನವರು ಬಂದು ಹಗ್ಗ ಇಸಿದುಕೊಂಡರು. "ಅದು ತಪ್ಪು ಮಾಡಿಲ್ರಿ. ನಿಮ್ಮ ಕೈ ಇಳೀತು. ಅದು ಕಂಡಿದ್ದನ್ನ ಮಾಡ್ತು."

"ನಾನೆಲ್ಲಿ ಕೈ ಇಳಿಸೀನಿ?" ಎಂದೆ. "ಅದೇ ನೋಡದೆ ತಿಂತು."

ಪಮೇರಿಯನ್ ನಾಯಿ ಹಿಡಿದಿದ್ದ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ಅವಳಿಗೆ ಯಾವ ದುರುದ್ದೇಶವೂ ಇರಲಿಲ್ಲ. "ತಾತ, ಇಲ್ನೋಡ್ರಿ. ಇಲ್ಲಿ ನಿಮ್ ಕೈ ಇಳೀತು. ಆಮೇಲೆ ಅದು ತಿಂತು" ಎಂದು ತೋರಿಸಿದಳು. ಅಂಗೈಯಗಲದ ಗಾಜಿನಲ್ಲಿ ಒಬ್ಬ ಮುದುಕ ಚಹಾದ ಕಡೆ ತಿರುಗುತ್ತ ತನಗೇ ತಿಳಿಯದಂತೆ ಕೈ ಇಳಿಸುತ್ತಿದ್ದ. ನಾಯಿ ಆ ಕೈಯನ್ನು ಕೊನೆಯ ತನಕ ನೋಡಿ, ಆಮೇಲೆ ಕಾಳನ್ನು ಚಿಮ್ಮಿಸುತ್ತಿತ್ತು.

ಮಿಲ್ಲಿನಲ್ಲಿ ಮೊಬೈಲ್ ಇರಲಿಲ್ಲ.

ನಾನು ಅಲ್ಲಿ ಜಾಬರ್ ಆಗಿದ್ದೆ. ಕೆಟ್ಟ ಮಗ್ಗವನ್ನು ಸರಿಮಾಡಿ ಮತ್ತೆ ಓಡಿಸಿಕೊಡುವ ಕೆಲಸ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ನನಗೆ ಬೇಗ ಸಿಕ್ಕಿತು. ರುದ್ರಪ್ಪ ನನಗಿಂತ ಮೂರು ವರ್ಷ ದೊಡ್ಡವನು, ನೇಯುವವನು. ರುದ್ರಣ್ಣ ಎನ್ನುತ್ತಿದ್ದೆ. ಅವನ ಮನೆಯ ರೊಟ್ಟಿ ನನ್ನ ಡಬ್ಬಿಯಲ್ಲಿ, ನಮ್ಮ ಮನೆಯ ಪಲ್ಯ ಅವನ ಡಬ್ಬಿಯಲ್ಲಿ ಇರುತ್ತಿತ್ತು. ಒಂದು ದಿನ ಅವನ ಮಗ್ಗದಲ್ಲಿ ನೂಲು ಸಿಕ್ಕಿಕೊಂಡಿತು. ನಾನು ಹ್ಯಾಂಡಲ್ ಹತ್ತಿರ ನಿಂತು ಬಲಗೈ ಎತ್ತಿದೆ. ತಡೆದಿದ್ದೇನೆ, ಕೈ ಹಾಕು. ಅವನು ನನ್ನ ಅಂಗೈ ನೋಡಿ, ತಲೆಯಾಡಿಸಿ, ಸಿಕ್ಕು ಬಿಡಿಸಲು ಮಗ್ಗದೊಳಗೆ ಕೈ ಹಾಕಿದ. ಅಷ್ಟರಲ್ಲಿ ಯಾರೋ ಹಿಂದಿನಿಂದ ಭುಜ ತಟ್ಟಿ ಎಲೆ ಅಡಿಕೆ ಚಾಚಿದರು. ಎತ್ತಿದ್ದ ಕೈಯನ್ನು ಇಳಿಸಿ ಇಸಿದುಕೊಂಡೆ. ಬಾಯಿಗೆ ಹಾಕಿಕೊಂಡೆ. ತಿರುಗಿ ಹ್ಯಾಂಡಲ್ ಎಳೆದೆ. ನೂಲನ್ನು ಬಡಿದು ಕೂರಿಸುವ ಹಲಗೆ ಒಂದೇ ಏಟಿಗೆ ಅವನ ಬಲಗೈಯ ನಡುವಿನ ಮೂರು ಬೆರಳುಗಳನ್ನು ಜಜ್ಜಿತು.

ಮರುದಿನ ಆಫೀಸಿನಲ್ಲಿ ಕೂರಿಸಿ ಕೇಳಿದರು. ಕೈ ಎತ್ತಿದ್ದೆಯಾ? ನನ್ನ ಹೆಂಡತಿ ಆಗ ಬಸುರಿ. ಕೆಲಸ ಹೋದರೆ ಹೇಗೆಂಬ ಭಯ ಇತ್ತು. ಅದು ನೆಪವೆಂದು ಇವತ್ತು ಗೊತ್ತಿದೆ. "ನಾನು ಕೈ ಎತ್ತೇ ಇರಲಿಲ್ಲ ಸರ್. ಅವನೇ ನೋಡದೆ ಕೈ ಹಾಕಿದ" ಎಂದೆ. ಹಾಗೆಯೇ ಬರೆದುಕೊಂಡರು. ಚೆನ್ನಾಗಿ ಸಹಿ ಹಾಕಿದೆ. ಎಲೆ ಕೊಟ್ಟವನು ತಾನೇನೂ ಕಂಡಿಲ್ಲವೆಂದ. ಅಜಾಗರೂಕತೆ ರುದ್ರಪ್ಪನದೇ ಎಂದಾಗಿ ಅವನ ಕೆಲಸ ಹೋಯಿತು. ರುದ್ರಪ್ಪ ಹೆಂಡತಿಯನ್ನು ಕರೆದುಕೊಂಡು ಹರಿಹರಕ್ಕೆ, ಅವಳ ಅಣ್ಣನ ಹಿಟ್ಟಿನ ಗಿರಣಿಗೆ ಹೋದ. ಆಮೇಲೆ ಮಿಲ್ಲೂ ಮುಚ್ಚಿತು. ನಾನು ಹೆಂಡತಿಗೂ ಈ ಮಾತು ಹೇಳಲಿಲ್ಲ. ಅವಳು ಸಾಯುವ ತನಕ ರುದ್ರಣ್ಣನ ಸುದ್ದಿ ಬಂದಾಗಲೆಲ್ಲ, "ಪಾಪ, ಒಂದು ಕ್ಷಣ ಮೈಮರೆತಿದ್ದಕ್ಕೆ" ಎನ್ನುತ್ತಿದ್ದಳು.

ಆ ಭಾನುವಾರ ಮನೆಗೆ ಬಂದು ಲಾಳಿಯ ಬೆನ್ನು ಸವರಿದೆ. ಎರಡು ಬಾಸುಂಡೆ ಎದ್ದಿದ್ದವು. ಅದು ನನ್ನ ಕೈ ನೆಕ್ಕಿತು. ಶೋಭಾ ಕೆಲಸದಿಂದ ಬಂದು, "ಏನಾತು ಅಪ್ಪಾಜಿ?" ಎಂದಳು. "ನನ್ನ ಕೈ ತಪ್ಪು" ಎಂದೆ. ಅಷ್ಟು ಹೇಳಲು ನನಗೆ ನಲವತ್ತು ವರ್ಷ ಬೇಕಾಯಿತು. ಹೇಳಿದ್ದಾದರೂ ನಾಯಿಯ ವಿಷಯಕ್ಕೆ.

ಮರುವಾರ ಒಬ್ಬನೇ ಹರಿಹರದ ಬಸ್ಸು ಹತ್ತಿದೆ. ಹೊಳೆಯ ಕಡೆಗೆ ಹೋಗುವ ಒಂದು ಓಣಿಯಲ್ಲಿ ಗಿರಣಿ ಇತ್ತು. ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಗಂಟೆ ನೋಡಿದೆ. ಒಳಗೆ ತಲೆಯಿಂದ ಕಾಲಿನ ತನಕ ಹಿಟ್ಟು ಮೆತ್ತಿಕೊಂಡ ಒಬ್ಬ ಮುದುಕ ಓಡಾಡುತ್ತಿದ್ದ. ಮಂಡಕ್ಕಿ ಮಿರ್ಚಿ ತಿಂದು, ಎದ್ದು, ವಾಪಸ್ಸು ಬಸ್ಸು ಹತ್ತಿದೆ.

ಕ್ಲಾಸು ದೀಪಾವಳಿಗೆ ಮುಗಿಯುವುದಿತ್ತು. ಕೊನೆಗೆ ಮಂಜಪ್ಪನವರು ಎಲ್ಲರಿಗೂ ಒಂದು ಮನೆಪಾಠ ಕೊಟ್ಟರು. "ಈ ಮೈದಾನದಾಗೆ ಕೇಳಿದ್ರೆ ಅದು ಮೈದಾನ ಕಲೀತು ಅಂತ ಅರ್ಥ. ಬ್ಯಾರೆ ಊರಿಗೆ ಕರ್ಕೊಂಡು ಹೋಗ್ರಿ. ಗದ್ದಲದಾಗೆ, ಗುರುತಿಲ್ಲದ ಜನರ ನಡುವೆ ಕೇಳ್ತದ ನೋಡ್ರಿ. ಅವಾಗ ಕಲ್ತಂಗೆ." ನನಗೊಂದು ನೆಪ ಸಿಕ್ಕಿತು. ನಾಯಿಗೆ ಪಾಠ ಇದೆ ಎಂದು ಶೋಭಾಗೆ ಹೇಳಿ, ಗುರುತಿನ ಆಟೋದಲ್ಲಿ ಲಾಳಿಯನ್ನು ಕೂರಿಸಿಕೊಂಡು ಹೊರಟೆ.

ಮಳೆ ನಿಂತು ಬಿಸಿಲು ಬಿದ್ದಿತ್ತು. ದಾರಿಯುದ್ದಕ್ಕೂ ರಸ್ತೆಯ ಅರ್ಧ ಭಾಗಕ್ಕೆ ಮೆಕ್ಕೆಜೋಳ ಹರವಿದ್ದರು. ಲಾಳಿ ಮೂಗು ಹೊರಗೆ ಹಾಕಿ ಕೂತಿತ್ತು.

ಗಿರಣಿಯ ಮುಂದೆ ಡಬ್ಬಿಗಳ ಸರದಿ. ಜನ ಡಬ್ಬಿ ಇಟ್ಟು ಕಟ್ಟೆಯ ಮೇಲೆ ಮಾತಾಡುತ್ತ ಕೂತಿದ್ದರು. ಒಳಗೆ ಬೆಲ್ಟು ಪಟಪಟನೆ ಹೊಡೆಯುತ್ತಿತ್ತು. ಜೇಡರ ಬಲೆಗಳ ಮೇಲೂ ಹಿಟ್ಟು ಕೂತು ಬೆಳ್ಳಗಾಗಿತ್ತು. ನಾನು ಹೊಸ್ತಿಲಲ್ಲಿ ನಿಂತೆ. ರುದ್ರಪ್ಪ ಎಡಗೈಯಿಂದ ಜೋಳ ಸುರಿಯುತ್ತಿದ್ದವನು ತಿರುಗಿ ನೋಡಿದ. ಗುರುತು ಹಿಡಿದನೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ನಾನು ಬಾಯಿ ತೆರೆದೆ. ಆ ಸದ್ದಿನಲ್ಲಿ ನನಗೇ ನನ್ನ ಮಾತು ಕೇಳಲಿಲ್ಲ. ಅವನು ಬಲಗೈ ಎತ್ತಿ ಅಂಗೈ ತೋರಿಸಿದ. ತಡೆ. ಹೆಬ್ಬೆರಳು, ಕಿರುಬೆರಳು, ನಡುವೆ ಬಯಲು.

ನನ್ನ ಪಕ್ಕದಲ್ಲಿ ಲಾಳಿ ಕೂತಿತು.

ನಾನು ಹೇಳಿರಲಿಲ್ಲ. ನನ್ನ ಕೈ ಕೆಳಗೇ ಇತ್ತು. ಅದು ಅವನ ಕೈಯನ್ನು ನೋಡಿ ಕೂತಿತ್ತು. ರುದ್ರಪ್ಪ ಕೈ ಇಳಿಸಿದ, ನಾಯಿ ಎದ್ದಿತು. ಮತ್ತೆ ಎತ್ತಿದ, ಮತ್ತೆ ಕೂತಿತು. ಆಗ ಅವನು ಬೆಲ್ಟು ನಿಲ್ಲಿಸಿ ಹೊರಗೆ ಬಂದ.

"ಇದಕ್ಕ ನಮ್ಮ ಶೆಡ್ಡಿನ ಕೈ ಯಾರು ಕಲಿಸಿದ್ರು, ಚನ್ನಬಸು?"

"ನಾನೇ" ಎಂದೆ. ಸದ್ದು ನಿಂತಿದ್ದರಿಂದ ನನ್ನ ಧ್ವನಿ ಜೋರಾಗಿ ಕೇಳಿಸಿತು. "ರುದ್ರಣ್ಣ, ಅವತ್ತು ನಾನು ಕೈ ಎತ್ತಿದ್ದೆ. ಇಳಿಸಿದೋನೂ ನಾನೇ."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಗೊತ್ತೈತಲ್ಲ. ನಿನ್ನ ಕೈ ನೋಡೇ ನಾ ಕೈ ಹಾಕಿದ್ದು. ನನಗೇನು ಹೇಳ್ತಿ? ಹೇಳೋದಿದ್ರೆ ಆಕಿಗೆ ಹೇಳು. ನಲವತ್ತು ವರ್ಷ ಆತು, 'ಕಣ್ಣು ಎಲ್ಲಿಟ್ಟಿದ್ರಿ ಅವತ್ತು' ಅಂತ ಕೇಳೋದು ಬಿಟ್ಟಿಲ್ಲ ಆಕಿ. ನಾ ಹೇಳಿದ್ದೆ. ಸಹಿ ಹಾಕಿದ ಕಾಗದ ಐತಲ್ಲ, ನನ್ನ ಮಾತು ಯಾರು ನಂಬ್ತಾರೆ?"

ತಕ್ಕಡಿಯ ಹತ್ತಿರ ಅವನ ಹೆಂಡತಿ ನೀಲಮ್ಮ ನಿಂತಿದ್ದಳು. ಒಂದು ಕಾಲಕ್ಕೆ ನನ್ನ ಡಬ್ಬಿಗೆ ರೊಟ್ಟಿ ಕಳಿಸುತ್ತಿದ್ದ ಅತ್ತಿಗೆ. ನಾನು ಎಲ್ಲವನ್ನೂ ಹೇಳಿದೆ. ಎಲೆ ಅಡಿಕೆ ಇಸಿದುಕೊಂಡಿದ್ದು, ಆಫೀಸಿನಲ್ಲಿ ಹೇಳಿದ್ದು. ಕಟ್ಟೆಯ ಮೇಲಿದ್ದವರು ನಮ್ಮ ಕಡೆ ತಿರುಗಿ ಕೂತರು. ಅವಳು ನನ್ನನ್ನು ನೋಡಲಿಲ್ಲ. ಗಂಡನ ಕೈಯನ್ನು ನೋಡುತ್ತಿದ್ದಳು, ಮೊದಲ ಸಲ ಕಂಡವಳಂತೆ. ಆಮೇಲೆ ಒಳಗೆ ಹೋದಳು. ಒಂದು ಬಟ್ಟಲಲ್ಲಿ ನೀರು ತಂದು ಲಾಳಿಯ ಮುಂದಿಟ್ಟಳು. ನನಗೆ ಕೊಡಲಿಲ್ಲ. ಶತ್ರು ಬಂದರೂ ನೀರು ಕೊಟ್ಟು ಮಾತಾಡಿಸುವ ಊರು ನಮ್ಮದು. ನಾನು ಕೇಳಲೂ ಇಲ್ಲ.

"ಅವತ್ತು ಬರೆಸಿ ಸಹಿ ಹಾಕಿದ್ದಿ ಅಲ್ಲ?" ಎಂದಳು. "ಇದನ್ನೂ ಬರ್ಕೊಡು. ಬಾಯಾಗೆ ಹೇಳಿ ಹೋಗಬ್ಯಾಡ. ನನಗ ಓದಾಕ ಬರಲ್ಲ. ಇಲ್ಲಿ ಡಬ್ಬಿ ಇಟ್ಕೊಂಡು ಕೂತಿರ್ತಾರಲ್ಲ, ಇವ್ರ ಕೈಲಿ ಓದಸ್ತೀನಿ. ಈ ಜನದ ಮುಂದೇನೇ ಅಲ್ವಾ ನಾ ನನ್ನ ಗಂಡನ್ನ ಬೈತಿದ್ದಿದ್ದು?"

ಆಗಲಿ ಅತ್ತಿಗೆ, ಎಂದು ತಲೆಯಾಡಿಸಿದೆ.

ಹೊರಡುವಾಗ ಲಾಳಿ ನೀರು ಕುಡಿದು ರುದ್ರಪ್ಪನ ಮುಂದೆ ಹೋಗಿ ನಿಂತಿತು. ಅವನಿಗೆ ಇನ್ನೊಮ್ಮೆ ನೋಡುವ ಆಸೆಯಾಗಿರಬೇಕು. ಬಲಗೈ ಎತ್ತಿದ. ಅದು ಕೂತಿತು. ನಾನು ಜೇಬಿನಿಂದ ಒಂದು ಮಂಡಕ್ಕಿ ಕಾಳು ತೆಗೆದು ಅದರ ಮೂಗಿನ ಮೇಲಿಟ್ಟು ಹಿಂದೆ ಸರಿದೆ. ರುದ್ರಪ್ಪ ಕೈ ಇಳಿಸಲಿಲ್ಲ. ಅಷ್ಟು ಹೊತ್ತು ನಾನೂ ಎಂದೂ ಕಾಯಿಸಿರಲಿಲ್ಲ. ಓಣಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಯಾರೋ ಡಬ್ಬಿ ಸರಿಸಿದರು. ಲಾಳಿಯ ಕಣ್ಣು ಆ ಎರಡು ಬೆರಳುಗಳ ಮೇಲಿಂದ ಕದಲಲಿಲ್ಲ. ರುದ್ರಪ್ಪನ ಕಣ್ಣು ಮಾತ್ರ ನನ್ನ ಮೇಲಿತ್ತು. ಕೊನೆಗೆ ಅವನು ಬಗ್ಗಿ ನಾಯಿಗೆ, "ಇಳಿಸ್ತೀನಿ ನೋಡವ್ವ, ಈಗ ಇಳಿಸ್ತೀನಿ" ಎಂದು ಹೇಳಿ, ನಿಧಾನವಾಗಿ ಕೈ ಇಳಿಸಿದ.

ಮತ್ತೆ ಬೆಲ್ಟಿನ ಸದ್ದು ಶುರುವಾಯಿತು. ರುದ್ರಪ್ಪ ಮುಂದಿನ ಡಬ್ಬಿಯ ಜೋಳ ಸುರಿದ.

ಮಂಜಪ್ಪನವರಿಗೆ ಮುಂದಿನ ಭಾನುವಾರ ಹೇಳಿದೆ, ನಾಯಿ ಬೇರೆ ಊರಲ್ಲಿ, ಗದ್ದಲದಲ್ಲಿ, ಬೇರೆಯವರ ಕೈಗೂ ಕೇಳಿತು ಎಂದು. ಅವರು ಲಾಳಿಯ ಕೊರಳಿಗೆ ಒಂದು ಕೆಂಪು ರಿಬ್ಬನ್ ಕಟ್ಟಿದರು. ಶಿವಮೂರ್ತಿಯವರು ಚಪ್ಪಾಳೆ ತಟ್ಟಿದರು. ಆ ರಿಬ್ಬನ್ ಈಗಲೂ ನಮ್ಮ ಮನೆಯ ಮೊಳೆಯಲ್ಲಿ ತೂಗುತ್ತಿದೆ.

ಬರೆಯಲು ಮೂರು ವರ್ಷದಲ್ಲಿ ಎಷ್ಟು ಸಲ ಕೂತೆನೋ. ಪ್ರತಿಸಲವೂ ಹೆಂಡತಿ ಬಸುರಿಯಾಗಿದ್ದಳು ಎಂಬಲ್ಲಿಂದ ಶುರುವಾಗುತ್ತಿತ್ತು. ಹರಿದು ಹಾಕುತ್ತಿದ್ದೆ. ನಾಳೆ ಇದನ್ನು ತೆಗೆದುಕೊಂಡು ಲಾಳಿಯ ಜೊತೆ ಹರಿಹರಕ್ಕೆ ಹೋಗುತ್ತೇನೆ. ನಾನೂ ಕಟ್ಟೆಯ ಮೇಲೆ ಕೂತು ಕೇಳಬೇಕು. ಇಷ್ಟುದ್ದ ಓದಲು ಸರದಿಯಲ್ಲಿರುವವರಿಗೆ ಪುರುಸೊತ್ತಿಲ್ಲದಿದ್ದರೆ, ಕೆಳಗಿನ ನಾಲ್ಕು ಸಾಲು ಓದಿದರೆ ಸಾಕು.

ಅಂದು ನಾನು ಕೈ ಎತ್ತಿದ್ದೆ. ರುದ್ರಪ್ಪ ನೋಡಿಯೇ ಕೈ ಹಾಕಿದ್ದ. ಹೇಳದೆ ಕೈ ಇಳಿಸಿದವನು, ಮಗ್ಗ ಓಡಿಸಿದವನು, ಆಮೇಲೆ ಸುಳ್ಳು ಹೇಳಿ ಸಹಿ ಹಾಕಿದವನು ನಾನು. ಇದಕ್ಕೂ ಸಹಿ ಹಾಕಿದ್ದೇನೆ.

ಚನ್ನಬಸಪ್ಪ,
ಮಗ್ಗದ ಜಾಬರ್